ಅವ್ವ ಹತ್ತದ ಕಾರು

ನಮ್ಮ ಮನೆಗೆ ಕಾರು ತಂದದ್ದು ಮನೆಯವರ ಜೀವ ಕಾಪಾಡಲಿಕ್ಕೆ. ತಂದ ಮಾರನೆಯ ದಿನದಿಂದ ಮನೆಯವರೆಲ್ಲ ಸೇರಿ ಕಾರಿನ ಜೀವ ಕಾಪಾಡತೊಡಗಿದೆವು. ಇಷ್ಟು ವರ್ಷ ಕಳೆದ ಮೇಲೆ ಅದನ್ನು ನೆನೆಸಿಕೊಂಡರೆ ನಗು ಬರಬೇಕು. ನನಗೆ ಇನ್ನೂ ಹಲ್ಲು ಕಡಿಯುವಂತಾಗುತ್ತದೆ. ಅದಕ್ಕೆ ಮುಂಚೆ ನಮ್ಮದೊಂದು ಸ್ಕೂಟರಿತ್ತು. ಮುಂದೆ ನಾನು ನಿಲ್ಲಬೇಕು, ಅಪ್ಪ ಓಡಿಸಬೇಕು, ಹಿಂದೆ ಅವ್ವ ನನ್ನ ತಮ್ಮ ನಂಜುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂರಬೇಕು. ಬೆಸಗರಹಳ್ಳಿಯಿಂದ ಮದ್ದೂರಿಗೆ ಹೋಗುವಾಗ ಒಂದು ದಿನ ಅವ್ವನ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಎಲ್ಲರೂ ರಸ್ತೆ ಬದಿಯ ಜಲ್ಲಿ ರಾಶಿಯ ಮೇಲೆ ಬಿದ್ದೆವು. ಬೀಳುವಾಗ ಅವ್ವ ನಂಜುಂಡನನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಹಾಗಾಗಿ ಅವನಿಗೆ ಏನೂ ಆಗಲಿಲ್ಲ, ಅವಳ ಮೊಣಕೈ ಮುರಿಯಿತು. ಕೈಗೆ ಪ್ಲಾಸ್ಟರಿನ ಕಟ್ಟು ಹಾಕಿಸಿಕೊಂಡು ಮನೆಗೆ ಬಂದವಳು ಹಜಾರದ ಕಂಬಕ್ಕೆ ಒರಗಿ ಕೂತು ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಇನ್ ಸ್ಕೂಟರ್ ಸವಾಸ ಸಾಕು. ನಾಕು ಚಕ್ರದ್ದು ಯಾವ್ದಾರ ತನ್ನಿ. ಅಳೇದಾದ್ರೂ ಸರಿ, ಬದ್ರವಾಗಿರ್ಬೇಕು."

ಆ 'ಭದ್ರ' ಎಂಬ ಮಾತನ್ನು ಮನೆಯ ಒಬ್ಬೊಬ್ಬರೂ ಒಂದೊಂದು ತರ ಅರ್ಥ ಮಾಡಿಕೊಂಡರು. ನಮ್ಮಪ್ಪ ಚಂದ್ರಣ್ಣ ಸೋಮನಹಳ್ಳಿಯಲ್ಲಿ ತಗಡಿನ ಡಬ್ಬ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಅವರ ಪಾಲಿಗೆ ಭದ್ರ ಅಂದರೆ ದಪ್ಪ ತಗಡು. ಅಪ್ಪನ ತಮ್ಮ, ನಮ್ಮ ಜೊತೆಯಲ್ಲೇ ಇದ್ದ ಶಿವಣ್ಣ ಚಿಕ್ಕಪ್ಪನಿಗೆ ಭದ್ರ ಅಂದರೆ ಗೊತ್ತಿರುವವರ ಕೈಯಿಂದ ಕೊಂಡದ್ದು. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಭದ್ರ ಅಂದರೆ ದೃಷ್ಟಿ ತಾಗದ ಬಣ್ಣ. ಒಂದು ಭಾನುವಾರ ಎಲ್ಲರೂ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆವು. ಹೆದ್ದಾರಿ ಪಕ್ಕದ ಬಯಲಿನಲ್ಲಿ ಹಳೇ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಅಪ್ಪ ಒಂದೊಂದು ಕಾರಿನ ಬಾನೆಟ್ಟನ್ನೂ ಬೆರಳ ಗಿಣ್ಣಿನಿಂದ ಕುಟ್ಟಿ ಕುಟ್ಟಿ, ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಅಂತ ನೋಡುವವರ ಹಾಗೆ ಕಿವಿಗೊಟ್ಟು ಕೇಳುತ್ತಾ ಹೋದರು. ಒಂದು ಬಿಳಿ ಕಾರಿನ ಹತ್ತಿರ ನಿಂತರು.

"ತಗಡು ನೋಡ್ಲಾ ಸಿವ, ತಗಡು! ಈಗಿನ್ ಕಾರ್ನಲ್ಲಿ ಇಂಥ ತಗಡು ಎಲ್ಲದೆ?"

"ತಗಡು ಬುಡಣ್ಣ, ಆಡು ಕೇಳು. ನಾಕೂ ಕಡೆಯಿಂದ ಬತ್ತಾ ಅದೆ," ಅಂತ ಚಿಕ್ಕಪ್ಪ ಒಳಗೆ ಕೂತು ರೇಡಿಯೋದ ಗುಂಡಿ ತಿರುಗಿಸುತ್ತಿದ್ದ.

"ಇದ್ರಲ್ಲಿ ಯಾರಾರ ಸತ್ತಿದ್ರಾ? ಮೊದ್ಲು ಅದ್ ಕೇಳ್ರಲಾ," ಅಂದಳು ಅಜ್ಜಿ.

ಅವ್ವ ಮಾತ್ರ ಕೊರಳಿಗೆ ಕೈ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ಇನ್ನೊಂದು ಕೈಯಲ್ಲಿ ಅಕ್ಕಪಕ್ಕ ತಡಕಾಡುತ್ತಿದ್ದಳು. "ಇಂದ್ಗಡೆ ಬೆಲ್ಟು ಎಲ್ಲವೆ?" ಅಂತ ಮಾರುವವನನ್ನು ಕೇಳಿದಳು. ಅವನು ನಕ್ಕ. "ಹಿಂದ್ಗಡೆ ಯಾರಮ್ಮ ಹಾಕ್ಕೋತಾರೆ? ಕುಂತ್ರೆ ಒತ್ತುತ್ತವೆ ಅಂತ ಸೀಟಿನ ಸಂದಿಗೆ ತಳ್ಬುಟ್ಟಿವಿ." ಅವ್ವ ತೆಗೆದು ತೋರಿಸಿ ಅಂದಳು. ಅವನು ಅಪ್ಪನ ಮುಖ ನೋಡಿದ. ಅಪ್ಪ "ಮನೆಗೋದ್ ಮ್ಯಾಲೆ ನಾನೇ ತೆಗುಸ್ತೀನಿ ಬುಡು ಜಯಾ" ಅಂದುಬಿಟ್ಟರು. ನಮ್ಮ ಮನೆಯಲ್ಲಿ 'ಮನೆಗೋದ್ ಮೇಲೆ' ಎನ್ನುವ ಹೊತ್ತು ಯಾವತ್ತೂ ಬರುತ್ತಿರಲಿಲ್ಲ. ನಾವು ಮನೆಯಲ್ಲೇ ಇದ್ದಾಗಲೂ ಬರುತ್ತಿರಲಿಲ್ಲ.

ಕಾರು ಬಂತು. ಕೊಟ್ಟಿಗೆಯಲ್ಲಿದ್ದ ಹಸುವನ್ನು ಹೊಂಗೆ ಮರದ ಕೆಳಕ್ಕೆ ಓಡಿಸಿ, ನೆಲ ತೊಳೆಸಿ, ಕಾರನ್ನು ಅಲ್ಲಿ ನಿಲ್ಲಿಸಿದರು. ಹಾಲು ಕೊಡುವ ಹಸು ಮಳೆಯಲ್ಲಿ ನೆನೆಯುತ್ತಿತ್ತು, ಹಾಲೂ ಕೊಡದ ಕಾರು ಬೆಚ್ಚಗೆ ಸೂರಿನಡಿ ಇರುತ್ತಿತ್ತು. ಅವ್ವ ಗೊಣಗಿದರೆ ಅಪ್ಪ "ಬಣ್ಣ ಓಯ್ತದೆ" ಅನ್ನುತ್ತಿದ್ದರು. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಹರಿಯಕೂಡದೆಂದು ಅದರ ಮೇಲೊಂದು ಬಟ್ಟೆ, ಬಟ್ಟೆ ಮಾಸಕೂಡದೆಂದು ಅದರ ಮೇಲೆ ಟವೆಲ್ಲು. ಇಷ್ಟೆಲ್ಲದರ ಅಡಿಯಲ್ಲಿ ಆ ಬೆಲ್ಟುಗಳು ಹೂತುಹೋದವು. ಕಾರಿನೊಳಗೆ ಕಡಲೆಕಾಯಿ ತಿನ್ನುವಂತಿಲ್ಲ, ಗಾಜಿಗೆ ಕೈ ತಾಗಿಸುವಂತಿಲ್ಲ, ಬಾಗಿಲನ್ನು ಅಪ್ಪನೇ ಬಂದು ಹಾಕಬೇಕು. ಒಂದು ಸಲ ನಂಜುಂಡ ವಾಂತಿ ಬರುತ್ತಿದೆ ಅಂದಾಗ ಅಪ್ಪ ಅವನ ಹಣೆ ಹಿಡಿಯುವುದು ಬಿಟ್ಟು ಟವೆಲ್ಲು ಎಳೆದುಕೊಂಡರು. ದಿನಾ ಬೆಳಿಗ್ಗೆ ತಮ್ಮ ಹಳೇ ಬನೀನು ಹಿಡಿದು ಕಾರಿನ ಮೈ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು. ಆದರೆ ಬ್ರೇಕು ಒತ್ತಿದರೆ ಹಂದಿಮರಿ ಕಿರುಚಿದ ಹಾಗೆ ಸದ್ದು. ಟೈರುಗಳ ಮೇಲಿನ ಗೆರೆಗಳು ಸವೆದು ಸವೆದು ಮಾಯವಾಗುತ್ತಿದ್ದವು. ಅವ್ವ ಒಂದು ದಿನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದಳು.

"ಇದ್ ನೋಡಿ ಇಲ್ಲಿ. ನಿಮ್ ಕೆನ್ನೆಗಿಂತ ನುಣ್ಣಗದೆ."

"ಇನ್ನೊಂದ್ ಮಳೆಗಾಲ ಓಡ್ತದೆ ಬುಡು."

"ಬ್ರೇಕು?"

"ಸಬ್ದ ಬತ್ತದೆ ಅಂದ್ರೆ ಕೆಲ್ಸ ಮಾಡ್ತಾ ಅದೆ ಅಂತ್ಲೇ ಅರ್ತ."

"ಮೊಕ ತೊಳುದ್ಬುಟ್ರೆ ಒಟ್ಟೆನೋವು ಓಯ್ತದಾ? ಉಜ್ಜೋದ್ ಬುಟ್ಟು ಒಂದ್ಸಲ ರಿಪೇರಿಯೋನ್ ತಾವ್ಕೆ ಓಡುಸ್ಕೊಂಡ್ ಓಗಿ ಅಂದ್ರೆ..."

ಅಪ್ಪ ಬನೀನು ಹಿಡಿದು ಮತ್ತೆ ಉಜ್ಜತೊಡಗಿದರು. ಅವರು ಜಿಪುಣರಲ್ಲ, ಕೆಟ್ಟವರೂ ಅಲ್ಲ. ಕಾರಿಗೆ ಏನಾದರೂ ಆಗಿದೆ ಅಂತ ಯಾರಾದರೂ ಹೇಳಿದರೆ ತಮ್ಮ ಆಯ್ಕೆಯೇ ತಪ್ಪು ಅಂದ ಹಾಗೆ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೆ. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಆಗ ನನಗೆ ಇದ್ದದ್ದು ಬರೀ ಸಿಟ್ಟು. ಅಜ್ಜಿಯಂತೂ ಮಗನ ಪಕ್ಷ. ಮುಂದಿನ ಸೀಟು ಅವಳದೇ. ಮುಂದಿನ ಸೀಟಿಗಿದ್ದ ಬೆಲ್ಟನ್ನಾದರೂ ಹಾಕಿಕೊಳ್ಳಿ ಅತ್ತೆ ಅಂತ ಅವ್ವ ಅಂದರೆ, "ನಾನೇನ್ ಓರಿಕರುನಾ, ಕಟ್ಟಾಕಕೆ?" ಅಂತ ಸೆರಗು ಕೊಡವಿಕೊಂಡು ಕೂರುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ಅಪ್ಪ ನಮ್ಮನ್ನೆಲ್ಲ ಕಾರ್ಖಾನೆಗೆ ಕರೆದುಕೊಂಡು ಹೋದರು. ಕಾರಿನ ಮುಂದೆ ಎರಡು ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಅಜ್ಜಿ ಕೈಯಿಂದ ಬೂದುಗುಂಬಳ ಒಡೆಸಿಯೇ ಹೊರಟದ್ದು. ಕಾರ್ಖಾನೆಯ ಗೋಡೆ ತುಂಬ ಅಪ್ಪನೇ ಬರೆಸಿದ ಬೋರ್ಡುಗಳು: ನಿಮ್ಮ ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ, ಎಚ್ಚರ. ಪೂಜೆ ಮುಗಿದು ಮಂಡಕ್ಕಿ ಹಂಚುವಾಗ ರಾಜು ಎಂಬ ಕೆಲಸಗಾರ ಕೈಗವಸಿಲ್ಲದೆ ತಗಡು ಕತ್ತರಿಸುವ ಮಿಷನ್ನಿನ ಗುಂಡಿ ಒತ್ತಿ ನಮಗೆ ತೋರಿಸಲು ಹೋದ. ಅಪ್ಪ ಮಂಡಕ್ಕಿಯ ಬುಟ್ಟಿ ಕೆಳಗೆ ಹಾಕಿ ಓಡಿದರು. ಮಿಷನ್ನು ನಿಲ್ಲಿಸಿ ಅವನ ರಟ್ಟೆ ಹಿಡಿದು ಆಚೆಗೆ ಎಳೆದರು.

"ಏನ್ ಆಗಲ್ಲ ಅಂತೀಯೇನಯ್ಯ? ಏನೂ ಆಗಲ್ಲ ಅನ್ನೋವ್ನಿಗೇ ಆಗೋದು! ಮಿಷನ್ ಮುಟ್ಟೋಕ್ ಮುಂಚೆ ನೋಡು, ಆಮೇಲೆ ಮುಟ್ಟು. ಎಷ್ಟ್ ಸಲ ಬಡ್ಕೊಳ್ಳಿ ನಿಂಗೆ?"

ಅಂಥ ಕಾಳಜಿಯನ್ನು ನಾನು ಅಪ್ಪನ ಮುಖದಲ್ಲಿ ಮನೆಯಲ್ಲಿ ಕಂಡೇ ಇರಲಿಲ್ಲ. ಅವ್ವ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು ಅವರನ್ನೇ ನೋಡುತ್ತಾ ನಿಂತಿದ್ದಳು. ಹೊರಗೆ ಬಂದಾಗ ಅಪ್ಪ ಕಾರಿನ ಹಿಂದಿನ ಬಾಗಿಲು ತೆಗೆದು ಹಿಡಿದರು. ಅವ್ವ ಹತ್ತಲಿಲ್ಲ.

"ನಾ ಬಸ್ಸಲ್ ಬತ್ತೀನಿ."

"ಯಾಕೆ? ಏನಾಯ್ತು?"

"ಆ ಉಡ್ಗನ್ ಕೈ ಮ್ಯಾಲಿರೋ ನಿಗಾ ನಮ್ ತಲೆ ಮ್ಯಾಲೆ ಬರ್ಲಿ. ಅವತ್ತು ಕಾರ್ ಅತ್ತೀನಿ."

ಕೂಗಾಡಲಿಲ್ಲ, ಅಳಲಿಲ್ಲ. ನನ್ನ ಕೈ ಒಂದು ಕಡೆ, ನಂಜುಂಡನ ಕೈ ಇನ್ನೊಂದು ಕಡೆ ಹಿಡಿದು ಹೆದ್ದಾರಿಯ ಬಸ್ ಸ್ಟಾಪಿಗೆ ನಡೆದಳು. ನಾವು ಹತ್ತಿದ ಬಸ್ಸಿನ ಹಿಂದೆಯೇ ಅಪ್ಪ ಮದ್ದೂರಿನ ತನಕ ಕಾರು ಓಡಿಸಿಕೊಂಡು ಬಂದರು. ಬಾಳೆಕಂದು ಗಾಳಿಗೆ ಒಲೆದಾಡುತ್ತಿದ್ದವು, ಪಕ್ಕದಲ್ಲಿ ಅಜ್ಜಿ ಉರಿಮುಖ ಮಾಡಿಕೊಂಡು ಕೂತಿದ್ದಳು, ಹಿಂದಿನ ಸೀಟು ಖಾಲಿ. ಬಸ್ಸಿನಲ್ಲಿದ್ದವರು ಮದುವೆ ಗಾಡಿ ಅಂದುಕೊಂಡರು.

ಆಮೇಲೆ ನಮ್ಮ ಸಂಸಾರ ಎರಡು ವಾಹನದಲ್ಲಿ ಓಡಾಡತೊಡಗಿತು. ಮದ್ದೂರಿನ ಮದುವೆಗೆ, ಮಂಡ್ಯದ ಬಟ್ಟೆ ಅಂಗಡಿಗೆ, ಮಳವಳ್ಳಿಯ ಅವ್ವನ ತವರಿಗೆ, ಎಲ್ಲಿಗೇ ಆಗಲಿ ಅಪ್ಪ-ಅಜ್ಜಿ ಕಾರಿನಲ್ಲಿ, ಅವ್ವ-ನಾವು ಬಸ್ಸಿನಲ್ಲಿ. ನೆಂಟರು ಕೇಳಿದರೆ ಅಪ್ಪ "ಅವ್ಳಿಗೆ ಕಾರಲ್ಲಿ ತಲೆ ಸುತ್ತುತ್ತದೆ" ಅನ್ನುತ್ತಿದ್ದರು. ಅವ್ವ ಪಕ್ಕದಲ್ಲೇ ನಿಂತು "ಇಲ್ಲ, ಟೈರ್ ಸವೆದವೆ" ಅನ್ನುತ್ತಿದ್ದಳು. ಅಜ್ಜಿ "ಇವ್ಳ್ ಕೊಬ್ಬು" ಅಂತ ಮುಗಿಸುತ್ತಿದ್ದಳು. ನನಗೋ ಎರಡೂ ಕಡೆ ಬೇಜಾರು. ಬಸ್ಸಿನ ಕಂಬಿ ಹಿಡಿದು ನೇತಾಡುವಾಗ, ಕಿಟಕಿಯಾಚೆ ನಮ್ಮದೇ ಕಾರು ಖಾಲಿ ಸೀಟು ಹೊತ್ತುಕೊಂಡು ಹೋಗುವುದು ಕಾಣುತ್ತಿತ್ತು. ಒಂದು ಟೈರಿಗೆ ಇಷ್ಟೊಂದು ಹಟವೇ ಅಂತ ಅವ್ವನ ಮೇಲೆ, ಒಂದು ಟೈರು ಹಾಕಿಸಲಾಗದೇ ಅಂತ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಇಬ್ಬರೂ ಮುದ್ದೆ ಬೇಕಾ ಸಾರು ಬೇಕಾ ಅಂತ ನನ್ನ ಬಾಯಲ್ಲಿ ಕೇಳಿಸುತ್ತಿದ್ದರು.

ಮುಂಗಾರು ಹಿಡಿಯುವ ಹೊತ್ತಿಗೆ ಮಳವಳ್ಳಿಯಲ್ಲಿ ನಮ್ಮ ಸೋದರಮಾವನ ಹೊಸ ಮನೆಯ ಗೃಹಪ್ರವೇಶ ಬಂತು. ಕಾರು ಮೊದಲು ಹೊರಟಿತು, ನಾವು ಮದ್ದೂರಿನಲ್ಲಿ ಖಾಸಗಿ ಬಸ್ಸು ಹಿಡಿದೆವು. ದಾರಿಯಲ್ಲಿ ಸಣ್ಣಗೆ ಮಳೆ ಹನಿಯಿತು. ರಸ್ತೆ ನಾಲೆಯ ಪಕ್ಕ ತಿರುಗುವ ಕಡೆ ಬಸ್ಸು ನಿಂತುಬಿಟ್ಟಿತು. ಜನ ಎದ್ದು ಕಿಟಕಿಗೆ ಮುಗಿಬಿದ್ದರು. ನಾಟಿ ಮಾಡುತ್ತಿದ್ದ ಗದ್ದೆಯೊಳಗೆ, ಬದುವಿಗೆ ಮೂತಿ ಚಚ್ಚಿಕೊಂಡು, ನಮ್ಮ ಬಿಳಿ ಕಾರು ನಿಂತಿತ್ತು. ಅವ್ವ ನಂಜುಂಡನನ್ನು ನನ್ನ ಕೈಗೆ ಕೊಟ್ಟವಳೇ ಜನರನ್ನು ತಳ್ಳಿಕೊಂಡು ಇಳಿದಳು. ನಾನೂ ಅವನನ್ನು ಎಳೆದುಕೊಂಡು ಇಳಿದೆ. ಅಪ್ಪ ಬದುವಿನ ಮೇಲೆ ಕೂತಿದ್ದರು, ತುಟಿ ಸೀಳಿ ಅಂಗಿಯ ಮೇಲೆಲ್ಲ ರಕ್ತ. ಅಜ್ಜಿಯನ್ನು ಯಾರದೋ ಟವೆಲ್ಲಿನ ಮೇಲೆ ಮಲಗಿಸಿದ್ದರು. ಹಣೆ ಊದಿತ್ತು, ಬಲಭುಜ ಎಲ್ಲಿರಬೇಕೋ ಅಲ್ಲಿರಲಿಲ್ಲ. "ಅಯ್ಯೋ ಚಂದ್ರ, ಅಯ್ಯೋ ಚಂದ್ರ" ಅಂತ ನರಳುತ್ತಿದ್ದಳು. ಪೈರು ಕೈಯಲ್ಲೇ ಹಿಡಿದಿದ್ದ ಹೆಂಗಸೊಬ್ಬಳು ಅವ್ವನಿಗೆ ಹೇಳಿದಳು.

"ಯಾರೂ ಅಡ್ಡ ಬರ್ಲಿಲ್ಲ ಕಣಮ್ಮ. ಬ್ರೇಕ್ ಕಿರುಚ್ತು, ಸೋಪಿನ್ ಮ್ಯಾಲೆ ಜಾರ್ದಂಗೆ ಜಾರ್ಕೊಂಡು ಬಂದ್ಬುಡ್ತು."

ಅಪ್ಪ ಅವ್ವನ ಕಡೆ ತಲೆ ಎತ್ತಿದರು.

"ಅನ್ನು. ಏನಾರ ಅಂದ್ಬುಡು."

"ಮೊದ್ಲು ಅತ್ತೆನ ಎತ್ತಿ. ಕಾಲ್ ಕಡೆ ನಾನ್ ಇಡ್ಕೋತೀನಿ," ಅಂದಳು ಅವ್ವ.

ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೋದಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದೆವು. ಭುಜಕ್ಕೆ ಆಪರೇಷನ್ ಆಯಿತು, ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಆ ಕೈ ಮತ್ತೆ ಯಾವತ್ತೂ ಕಿವಿಗಿಂತ ಮೇಲಕ್ಕೆ ಏಳಲಿಲ್ಲ. ತನ್ನ ತುರುಬನ್ನು ಯಾರಿಗೂ ಮುಟ್ಟಗೊಡದ ಅಜ್ಜಿ ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಸೊಸೆಯ ಮುಂದೆ ಬೆನ್ನು ಹಾಕಿ ಕೂರಬೇಕಾಯಿತು. ಇಷ್ಟಾದರೂ, ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವಳನ್ನು ಸೋದರಮಾವ ಏನಾಯ್ತಮ್ಮ ಅಂತ ಕೇಳಿದಾಗ ಅಜ್ಜಿ ತಡವರಿಸಲೇ ಇಲ್ಲ.

"ಎಮ್ಮೆ ಅಡ್ಡ ಬತ್ತಪ್ಪ. ನನ್ ಮಗ ಆಗಿದ್ದುಕ್ಕೆ ಉಳ್ಕೊಂಡೆ. ಬ್ಯಾರೇರಾಗಿದ್ರೆ ನಾಲೆಗೇ ಆಕ್ಬುಡೋರು."

ಅಪ್ಪ ಬೆಚ್ಚಿ ತಾಯಿಯ ಮುಖ ನೋಡಿದರು. ಆಮೇಲೆ ಗೋಡೆ ನೋಡಿದರು. ಸಂಜೆ ಬಂದವರಿಗೆ ಅವರೇ "ಎಮ್ಮೆ" ಅಂದರು. ವಾರ ಕಳೆಯುವುದರಲ್ಲಿ ಆ ಎಮ್ಮೆಗೆ ಕೊಂಬು ಬಂತು, ಕೊರಳಲ್ಲಿ ಗಂಟೆ ಬಂತು. ಶಿವಣ್ಣ ಚಿಕ್ಕಪ್ಪನಂತೂ ಅದು ಯಾರ ಮನೆಯದು ಅಂತ ತನಗೆ ಗೊತ್ತಿದೆಯೆಂದು ಹೇಳಿಕೊಂಡು, ಯಾರೋ ಪಾಪದವರ ಮನೆ ಮುಂದೆ ಹೋಗಿ ನ್ಯಾಯ ಕೇಳಲು ಹೊರಟಿದ್ದ. ಅವ್ವ ಅಡ್ಡ ನಿಂತು ತಡೆದಳು. ಈಗಲೂ ಕಚೇರಿಯಲ್ಲಿ ಯಾರಾದರೂ ಆಗದ ಕೆಲಸಕ್ಕೆ ಸೊಗಸಾದ ಕಾರಣ ಹೇಳತೊಡಗಿದರೆ ನನ್ನ ಕಿವಿಗೆ ಆ ಗಂಟೆಯ ಸದ್ದು ಕೇಳುತ್ತದೆ.

ಅಪ್ಪ ಕಾರನ್ನು ರಿಪೇರಿ ಮಾಡಿಸಿದರು. ನಾಲ್ಕಕ್ಕೂ ಹೊಸ ಟೈರು, ಹೊಸ ಬ್ರೇಕು. ಪ್ಲಾಸ್ಟಿಕ್ಕು, ಬಟ್ಟೆ, ಟವೆಲ್ಲು ಎಲ್ಲ ಕಿತ್ತೆಸೆದು ಹಿಂದಿನ ಬೆಲ್ಟುಗಳನ್ನು ಹೊರಗೆಳೆದು ಸೋಪು ಹಾಕಿ ತೊಳೆದರು. ಹಸುವೂ ಕೊಟ್ಟಿಗೆಗೆ ಮರಳಿತು. ಎಲ್ಲ ಮುಗಿಸಿ ಬಾಗಿಲು ತೆಗೆದು ನಿಂತು ಅವ್ವನನ್ನು ಕರೆದರು. ಅವ್ವ ಹೊಸಿಲ ಮೇಲೆ ನಿಂತು ಕೇಳಿದಳು.

"ಅವತ್ತು ಏನಾಗಿತ್ತು?"

"ಅದೇ... ಎಮ್ಮೆ..."

"ಎಮ್ಮೆ ಅಡ್ಡ ಬಂದಿದ್ರೆ ಟೈರ್ ಯಾಕ್ ಬದ್ಲಾಯ್ಸುದ್ರಿ?"

ಅಪ್ಪನಿಗೆ ರೇಗಿತು. ಬಾಗಿಲನ್ನು ತಾವೇ ದಡಾರನೆ ಹಾಕಿದರು. "ಎಲ್ಲಾ ಮಾಡ್ಸಿವ್ನಲ್ಲ! ಒಂದ್ ಮಾತ್ಗೆ ಇಷ್ಟ್ ಅಟನಾ?"

"ಆ ಒಂದ್ ಮಾತು ಬರ್ದೆ ಓದ್ರೆ, ಮುಂದ್ಲ ಸಲ ಟೈರ್ ಸವೆದಾಗ ಇನ್ನೊಂದ್ ಎಮ್ಮೆ ಬತ್ತದೆ," ಅಂದು ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನಾನು ಅಡುಗೆಮನೆಗೆ ಹೋಗಿ, ಕಾರು ಸರಿಯಾಗಿದೆಯಲ್ಲ, ಇನ್ನೇನವ್ವ ನಿನ್ನ ರಗಳೆ ಅಂತ ಕೇಳಿದೆ. ಅವ್ವ ಉರಿ ಸರಿಮಾಡುತ್ತಾ, "ಕಾರೇನೋ ಸರಿಯಾಗೇ ಅದೆ ಕಣ್ ಮಗ," ಅಂದಳು. ಮತ್ತೆ ಬಸ್ಸು, ಮತ್ತೆ ಕಂಬಿ. ಹೊಸ ಟೈರಿನ ಕಾರಿನಲ್ಲಿ ಅಪ್ಪ ಒಬ್ಬರೇ.

ಅಜ್ಜಿಯನ್ನು ನೋಡಲು ಒಂದು ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಇಬ್ಬರು ಮೋಸಂಬಿ ಹಿಡಿದುಕೊಂಡು ಬಂದರು. ಅವರಲ್ಲೊಬ್ಬ ಆಯುಧಪೂಜೆಯಲ್ಲಿ ಬೈಸಿಕೊಂಡ ರಾಜು. ಅಪ್ಪ ಹಜಾರದಲ್ಲಿ ಮುದ್ದೆ, ಉಪ್ಪುಸಾರು ಉಣ್ಣುತ್ತಿದ್ದರು. ಅಜ್ಜಿ ತಲೆಗೆ ನೀರು ಹಾಕಿಸಿಕೊಂಡು ಕೂತಿದ್ದಳು, ಹಿಂದೆ ಅವ್ವ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. "ಎಮ್ಮೆ ಬತ್ತಂತಲ್ಲಜ್ಜಿ" ಅಂತ ರಾಜು ಮಾತಿಗೆ ಅಂದದ್ದೇ ತಡ, ಅಜ್ಜಿ ಹುರುಪಾಗಿ ತಿರುಗಿದಳು.

"ಒಂದಲ್ಲ ಕಣಪ್ಪ, ಎರಡು! ಒಂದು ಇತ್ಲಾಗಿಂದ, ಒಂದು ಅತ್ಲಾಗಿಂದ..."

"ಎಮ್ಮೆ ಇರ್ಲಿಲ್ಲ."

ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದ್ದರು. ಅಜ್ಜಿ "ಸುಮ್ಕಿರ್ಲಾ" ಅಂದಳು.

"ಇಲ್ಲ ಕಣವ್ವ. ಸಾಕು. ಎಮ್ಮೆನೂ ಇರ್ಲಿಲ್ಲ, ಆಡೂ ಇರ್ಲಿಲ್ಲ. ಟೈರ್ ಸವೆದಿದ್ವು, ಬ್ರೇಕ್ ಸರಿ ಇರ್ಲಿಲ್ಲ. ಇವ್ಳು ಬಡ್ಕೊಂಡ್ಲು. ನಾನ್ ಕೇಳ್ಲಿಲ್ಲ. ನಿನ್ ಬುಜ ಮುರ್ದಿದ್ದು ನಾನೇ."

ರಾಜುವಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೋಸಂಬಿಯ ಚೀಲದ ಬಾಯಿ ಗಂಟು ಹಾಕುತ್ತಾ, "ಓಗ್ಲಿ ಬುಡಿ ಸಾರ್, ಆಯ್ತದೆ" ಅಂದ.

"ಆಗ್ಬಾರ್ದು ಕಣಯ್ಯ," ಅಂದರು ಅಪ್ಪ. "ಅದುನ್ನೇ ಅಲ್ವಾ ನಾನ್ ನಿಂಗೆ ದಿನಾ ಬಯ್ಯೋದು."

ಅವರ ಕಿವಿ ಕೆಂಪಾಗಿತ್ತು. ತಮ್ಮ ಕೈ ಕೆಳಗಿನವರ ಎದುರು ಆ ಮಾತು ಆಡಲಿಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ಮುದ್ದೆಯ ಮೇಲೆ ನಿಂತೇಹೋದ ಬೆರಳುಗಳು ಹೇಳುತ್ತಿದ್ದವು. ಅವ್ವನ ಕೈ ಅಜ್ಜಿಯ ಕೂದಲಲ್ಲಿ ಒಂದು ಕ್ಷಣ ತಡೆದು, ಮತ್ತೆ ಬಾಚತೊಡಗಿತು. ತುರುಬು ಕಟ್ಟಿ ಮುಗಿಸಿ, ಕೈ ತೊಳೆದು ಬಂದು, ಯಾರನ್ನೂ ಕೇಳದೆ ಅಪ್ಪನ ತಟ್ಟೆಗೆ ಬಿಸಿ ಸಾರು ಬಿಟ್ಟಳು. ಅಜ್ಜಿ ಮಾತ್ರ "ಬಂದೋರ್ ಮುಂದೆ ನನ್ ಮಾನ ಕಳ್ದ" ಅಂತ ಮಗನ ಜೊತೆ ಮಾತು ಬಿಟ್ಟಳು. ಒಂದು ಜಗಳ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಇದು ನಮ್ಮ ಮನೆ.

ಮುಂದಿನ ವಾರ ಸೋದರಮಾವನ ಮಗುವಿನ ನಾಮಕರಣ. ಬೆಳಿಗ್ಗೆ ನಾನು ಬಸ್ಸಿಗೆಂದು ಚಪ್ಪಲಿ ಮೆಟ್ಟಿ ನಿಂತಿದ್ದರೆ ಅವ್ವ ಈಗ ಕಾರು ನಿಲ್ಲುತ್ತಿದ್ದ ಹೊಂಗೆ ಮರದ ಕಡೆ ನಡೆದಳು. ಕಾರಿನ ಸುತ್ತ ಬಂದು ಹಿಂದೆ ಹತ್ತಿ ಕೂತಳು. ನಮ್ಮಿಬ್ಬರನ್ನೂ ಎಳೆದು ಕೂರಿಸಿ ಬೆಲ್ಟು ಸಿಕ್ಕಿಸಿದಳು. ಅಜ್ಜಿ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು, ಮಗನ ಕಡೆ ನೋಡದೆ, ನೇರವಾಗಿ ಗಾಜಿಗೆ ಬೈಯುತ್ತಿದ್ದಳು. ಅಪ್ಪ ಹೊರಟರು. ಹೇಗೆ ಹೊರಟರೆಂದರೆ, ಹುಲ್ಲು ಹೊರೆ ಕಟ್ಟಿಕೊಂಡ ಸೈಕಲ್ಲೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಮದ್ದೂರು ದಾಟುವಷ್ಟರಲ್ಲಿ ಅವ್ವನ ತಾಳ್ಮೆ ಮುಗಿದಿತ್ತು.

"ಇಂಗೇ ಓದ್ರೆ ಆ ಮಗಿನ್ ನಾಮಕರಣಕ್ಕಲ್ಲ, ಮದ್ವೆಗ್ ಸೇರ್ಕೋತೀವಿ!"

"ನಿದಾನ ಓಗಿ ಅಂದೋಳು ನೀನೇ ತಾನೆ?"

"ಓಗಿ ಅಂತ್ಲೂ ಅಂದಿದ್ದೆ!"

ಮಳವಳ್ಳಿ ಸೇರಿದಾಗ ಹೆಸರಿಟ್ಟಾಗಿತ್ತು, ಊಟದ ಎಲೆ ಎತ್ತುತ್ತಿದ್ದರು. ಮಾವನ ಹೆಂಡತಿ ಉಳಿದ ಪಾಯಸವನ್ನು ತಂದು ಕೊಟ್ಟರು. ಅವ್ವ ಉರಿದುಕೊಂಡೇ ತಿಂದಳು. ವಾಪಸು ಬರುವಾಗ ಬಿಸಿಲು ಇಳಿದಿತ್ತು. ಸ್ವಲ್ಪ ದೂರ ಬಂದ ಮೇಲೆ ಅವ್ವನ ಗೊಣಗು ನಿಂತದ್ದು ಕಂಡು ತಿರುಗಿ ನೋಡಿದೆ. ತಲೆ ಕಿಟಕಿಗೆ ಆತುಕೊಂಡಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬಸ್ಸಿನಲ್ಲಿ ಎಷ್ಟು ಸುಸ್ತಾಗಿದ್ದರೂ ಕಣ್ಣು ಮುಚ್ಚದ ಹೆಂಗಸು ನಿದ್ದೆ ಹೋಗಿದ್ದಳು. ಅಪ್ಪ ಕನ್ನಡಿಯಲ್ಲಿ ನೋಡಿದರು. ನಂಜುಂಡ ಏನೋ ಹೇಳಲು ಬಾಯಿ ತೆರೆದಾಗ ತುಟಿಯ ಮೇಲೆ ಬೆರಳಿಟ್ಟರು. ಹಿಂದಿನಿಂದ ಬಸ್ಸೊಂದು ಬಂದು ಒಂದೇ ಸಮ ಹಾರ್ನ್ ಹೊಡೆಯತೊಡಗಿತು. ಅಪ್ಪ ಕಾರನ್ನು ರಸ್ತೆಯ ಅಂಚಿಗೆ ಸರಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗು ಹೋಗು ಅಂತ ಬೀಸಿದರು. ಆ ಡ್ರೈವರಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಪಿಸುಗುಟ್ಟಿದರು.

"ಓಗಯ್ಯ, ಮೆತ್ತಗ್ ಓಗು. ಮಲ್ಗವ್ಳೆ."